ಮಿದುಳಿನ ಗಡ್ಡೆ ಎಷ್ಟು ಅಪಾಯಕಾರಿ? ಸುಳಿವು ಕೊಡೋದು ಕಿಣ್ವಗಳು; ಬಯಾಪ್ಸಿ ರಿಪೋರ್ಟ್‌ನಲ್ಲಿರುವ ಪದಗಳ ಅರ್ಥ ಇಲ್ಲಿದೆ

ತಾಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ. ಸ್ಕ್ಯಾನ್, ಆಪರೇಷನ್, ಆಮೇಲೆ ರಿಪೋರ್ಟ್‌ಗಾಗಿ ಕಾಯೋದು. ಮಿದುಳಿನಲ್ಲಿ ಗಡ್ಡೆ ಕಾಣಿಸಿಕೊಂಡ ಯಾವುದೇ ಮನೆಯವರು ಹಾದು ಬರುವ ದಾರಿ ಇದು. ಕೊನೆಗೆ ಕೈಗೆ ಬರುವ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಐಡಿಎಚ್ ಮ್ಯುಟೆಂಟ್’, ‘ಎಂಜಿಎಂಟಿ ಮಿಥೈಲೇಟೆಡ್’, ‘ಸಿಡಿಕೆಎನ್2ಎ ಡಿಲೀಷನ್’ ಅಂತೆಲ್ಲಾ ಬರೆದಿರುತ್ತೆ. ಡಾಕ್ಟರ್ ಐದು ನಿಮಿಷದಲ್ಲಿ ಹೇಳಿದ್ದು ಬಸ್ ಹತ್ತುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತೆ.

ಈ ಪದಗಳಲ್ಲಿ ಹೆಚ್ಚಿನವು ಒಂದೋ ಕಿಣ್ವದ ಹೆಸರು, ಇಲ್ಲವೇ ಕಿಣ್ವವನ್ನು ತಡೆಯುವ ಪ್ರೊಟೀನಿಗೆ ಸಂಬಂಧಿಸಿದ ಹೆಸರು. ಗಡ್ಡೆ ನಿಧಾನವಾಗಿ ಬೆಳೆಯುವ ಜಾತಿಯದ್ದೋ, ವೇಗವಾಗಿ ಹರಡುವ ಜಾತಿಯದ್ದೋ, ಯಾವ ಔಷಧಿಗೆ ಬಗ್ಗುತ್ತೆ ಅನ್ನೋದನ್ನು ವೈದ್ಯರು ಇವತ್ತು ಇವುಗಳಿಂದಲೇ ಅಂದಾಜು ಮಾಡುತ್ತಾರೆ. ಅರ್ಥ ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು, ಸುಮ್ಮನೆ ಗಾಬರಿಯಾಗೋದೂ ತಪ್ಪುತ್ತೆ.

ಕಿಣ್ವ ಅಂದ್ರೇನು? ತಡೆಯೋದು ಅಂದ್ರೇನು?

ಅನ್ನವನ್ನು ಬಾಯಲ್ಲಿ ತುಂಬಾ ಹೊತ್ತು ಅಗಿದರೆ ಸಿಹಿ ಅನ್ನಿಸುತ್ತೆ. ಎಂಜಲಿನಲ್ಲಿರುವ ಕಿಣ್ವವೊಂದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದೇ ಇದಕ್ಕೆ ಕಾರಣ. ಮಾಂಸ ಬೇಗ ಬೇಯಲಿ ಅಂತ ಅಡುಗೆಯವರು ಹಸಿ ಪಪ್ಪಾಯಿ ಕಾಯಿ ಅರೆದು ಹಾಕ್ತಾರಲ್ಲ, ಅಲ್ಲಿ ಕೆಲಸ ಮಾಡೋದು ‘ಪಪೇನ್’ ಎಂಬ ಕಿಣ್ವ. ಅದು ಪ್ರೊಟೀನ್ ಎಳೆಗಳನ್ನು ಕತ್ತರಿಸುತ್ತೆ, ಮಾಂಸ ಮೆತ್ತಗಾಗುತ್ತೆ. ಹೀಗೆ ದೇಹದೊಳಗಿನ ಒಂದೊಂದು ರಾಸಾಯನಿಕ ಕೆಲಸಕ್ಕೂ ಒಂದೊಂದು ಕಿಣ್ವ ಇದೆ. ಕತ್ತರಿಸೋದಕ್ಕೆ ಒಂದು, ಜೋಡಿಸೋದಕ್ಕೆ ಒಂದು, ರಿಪೇರಿಗೆ ಇನ್ನೊಂದು.

ಕಿಣ್ವ ಲಂಗುಲಗಾಮಿಲ್ಲದೆ ಕೆಲಸ ಮಾಡಿದರೆ ದೇಹ ತನ್ನನ್ನೇ ತಿಂದುಕೊಳ್ಳಬೇಕಾಗುತ್ತೆ. ಅದಕ್ಕೇ ಪ್ರಕೃತಿಯಲ್ಲಿ ಕಿಣ್ವದ ಜೊತೆಗೇ ಅದನ್ನು ತಡೆಯುವ ಪ್ರತಿಬಂಧಕಗಳೂ ಇವೆ. ಹಸಿ ಸೋಯಾ, ಹಸಿ ಹುರುಳಿಯಲ್ಲಿ ನಮ್ಮ ಹೊಟ್ಟೆಯ ಜೀರ್ಣ ಕಿಣ್ವವನ್ನು ತಡೆಯುವ ಅಂಶ ಇರುತ್ತೆ. ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಬಹುಪಾಲು ಹೋಗುತ್ತೆ. ಕಾಳು ಬೇಯಿಸಿ ತಿನ್ನಬೇಕು ಅನ್ನೋದರ ಹಿಂದೆ ಇದೂ ಒಂದು ಕಾರಣ.

ಮಿದುಳಿನ ಗಡ್ಡೆಯಲ್ಲೂ ಇದೇ ಎರಡು ಕಡೆಯವರು ಇದ್ದಾರೆ. ಕಿಣ್ವ ಒಂದು ಕಡೆ, ತಡೆಯುವ ಪ್ರೊಟೀನ್ ಇನ್ನೊಂದು ಕಡೆ. ಇವುಗಳ ಲೆಕ್ಕ ಎಲ್ಲಿ ತಪ್ಪಿದೆ ಅಂತ ನೋಡಿದರೆ ಗಡ್ಡೆಯ ಸ್ವಭಾವ ಗೊತ್ತಾಗುತ್ತೆ.

ಗ್ರೇಡ್ 1ರಿಂದ 4: ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಸ್ಕ್ಯಾನ್‌ನಲ್ಲಿ ಕಂಡ ಗಂಟೆಲ್ಲಾ ಕ್ಯಾನ್ಸರ್ ಅಲ್ಲ. ನಮ್ಮ ದೇಶದಲ್ಲಿ ಕ್ಷಯದ ಗಂಟು, ಲಾಡಿಹುಳುವಿನ ಮರಿಗಳಿಂದಾಗುವ ಗಂಟು ಕೂಡ ಮಿದುಳಿನಲ್ಲಿ ಕಾಣಿಸುತ್ತವೆ. ಅವಕ್ಕೆ ಬೇರೆಯೇ ಔಷಧಿ ಇದೆ. ಮಿದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ ಗಡ್ಡೆಗಳಲ್ಲಿ ಹೆಚ್ಚಿನವು ಸಾಧು ಸ್ವಭಾವದವು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ‘ಗ್ಲಯೋಮಾ’ ಬಗ್ಗೆ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳನ್ನು ಹೋಲುವ ಗಡ್ಡೆ ಇದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 1ರಿಂದ 4ರವರೆಗೆ ಗ್ರೇಡ್ ಮಾಡುತ್ತೆ. ಸಂಖ್ಯೆ ಹೆಚ್ಚಾದಷ್ಟೂ ಉಗ್ರತೆ ಹೆಚ್ಚು. ಗ್ರೇಡ್ 4ರ ‘ಗ್ಲಯೋಬ್ಲಾಸ್ಟೋಮಾ’ ದೊಡ್ಡವರಲ್ಲಿ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆಗಳಲ್ಲಿ ಅತಿ ಸಾಮಾನ್ಯ, ಅತಿ ಕಠಿಣವಾದದ್ದೂ ಹೌದು.

ಹಿಂದೆಲ್ಲಾ ಗ್ರೇಡ್ ನಿರ್ಧಾರ ಮಾಡ್ತಿದ್ದದ್ದು ಸೂಕ್ಷ್ಮದರ್ಶಕದಲ್ಲಿ ಕೋಶದ ರೂಪ ನೋಡಿ. ಒಂದೇ ಸ್ಲೈಡ್ ನೋಡಿ ಇಬ್ಬರು ತಜ್ಞರು ಬೇರೆ ಬೇರೆ ಗ್ರೇಡ್ ಹೇಳುವುದೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2016ರ ವಿಂಗಡಣೆಯಲ್ಲಿ ಮೊದಲ ಬಾರಿಗೆ ಅಣುಮಟ್ಟದ ಗುರುತುಗಳು ಸೇರಿದವು. 2021ರ ವಿಂಗಡಣೆಯಲ್ಲಿ ಅವುಗಳ ತೂಕ ಇನ್ನೂ ಹೆಚ್ಚಾಯಿತು. ಹಾಗಾಗಿ ಈಗ ಕೋಶದ ರೂಪದ ಜೊತೆಗೆ ಅದರೊಳಗಿನ ಕಿಣ್ವದ ಕಥೆಯನ್ನೂ ನೋಡಲೇಬೇಕು.

ದಾರಿ ಕೊರೆಯುವ ಕಿಣ್ವಗಳು

ಗ್ಲಯೋಮಾದ ದೊಡ್ಡ ತೊಂದರೆ ಅಂದರೆ ಅದಕ್ಕೆ ಅಂಚು ಅನ್ನೋದೇ ಇಲ್ಲ. ಗಡ್ಡೆಯ ಕೋಶಗಳು ನರತಂತುಗಳ ಗುಂಟ, ರಕ್ತನಾಳಗಳ ಗುಂಟ ಸುತ್ತಲಿನ ಒಳ್ಳೆಯ ಭಾಗಕ್ಕೆ ನುಸುಳಿರುತ್ತವೆ. ಸರ್ಜನ್ ಎಷ್ಟೇ ನಿಪುಣರಾಗಿದ್ದರೂ ಪೂರ್ತಿ ತೆಗೆಯಲು ಆಗದಿರೋದು ಇದಕ್ಕೇ.

ಹೀಗೆ ನುಸುಳಲು ಕೋಶಕ್ಕೆ ದಾರಿ ಬೇಕು. ಕೋಶಗಳ ನಡುವಿನ ಜಾಗದಲ್ಲಿ ಗಾರೆಯ ಹಾಗೆ ತುಂಬಿರುವ ವಸ್ತುವನ್ನು ಕತ್ತರಿಸಿ ದಾರಿ ಮಾಡಿಕೊಡುವುದು ಪ್ರೊಟೀನ್ ಕತ್ತರಿಸುವ ಕಿಣ್ವಗಳು. ಇವುಗಳಲ್ಲಿ ಮುಖ್ಯವಾಗಿ ಮೂರು ಗುಂಪು: ಕ್ಯಾಥೆಪ್ಸಿನ್ ಬಿ, ಯೂರೋಕೈನೇಸ್ ಮತ್ತು ಎಂಎಂಪಿ-2, ಎಂಎಂಪಿ-9 ಎಂಬ ಕಿಣ್ವಗಳು. ಕ್ಯಾಥೆಪ್ಸಿನ್ ಬಿ ಅನ್ನೋದು ಪಪ್ಪಾಯಿಯ ಪಪೇನ್ ಕುಟುಂಬಕ್ಕೇ ಸೇರಿದ್ದು. 1990ರ ದಶಕದಿಂದ ನಡೆದ ಹಲವು ಅಧ್ಯಯನಗಳಲ್ಲಿ ಇವು ಕಡಿಮೆ ಗ್ರೇಡ್ ಗಡ್ಡೆಗಳಿಗಿಂತ ಗ್ಲಯೋಬ್ಲಾಸ್ಟೋಮಾದಲ್ಲಿ ಹೆಚ್ಚಿರುವುದು ಕಂಡುಬಂದಿದೆ. ಗಡ್ಡೆಯ ರಕ್ತನಾಳಗಳ ಸುತ್ತಲೂ ಇವು ಎದ್ದು ಕಾಣುತ್ತವೆ.

ಇವುಗಳನ್ನು ತಡೆಯುವವರೂ ದೇಹದಲ್ಲೇ ಇದ್ದಾರೆ. ಕ್ಯಾಥೆಪ್ಸಿನ್‌ಗೆ ಸಿಸ್ಟಾಟಿನ್ ಮತ್ತು ಸ್ಟೆಫಿನ್, ಎಂಎಂಪಿಗೆ ‘ಟಿಂಪ್’, ಯೂರೋಕೈನೇಸ್‌ಗೆ ‘ಪಿಎಐ-1’. ಕಿಣ್ವ ಹೆಚ್ಚಾದ ಕಡೆ ತಡೆಯುವವರು ಕಡಿಮೆ ಇರಬೇಕು ಅನ್ನೋದು ಸಹಜ ಲೆಕ್ಕ. ಸಿಸ್ಟಾಟಿನ್ ಸಿ ವಿಷಯದಲ್ಲಿ ಈ ಲೆಕ್ಕಕ್ಕೆ ಹೊಂದುವ ಫಲಿತಾಂಶಗಳು ಬಂದಿವೆ. ಆದರೆ ಪಿಎಐ-1 ಉಲ್ಟಾ. ತಡೆಯಬೇಕಾದ ಈ ಪ್ರೊಟೀನ್ ಗ್ಲಯೋಬ್ಲಾಸ್ಟೋಮಾದಲ್ಲೇ ಜಾಸ್ತಿ! ಇದರ ಕೆಲಸ ಬರೀ ತಡೆಯೋದಲ್ಲ ಅನ್ನೋದು ಆಮೇಲೆ ತಿಳಿಯಿತು. ಕೋಶವು ಒಂದು ಕಡೆ ಅಂಟು ಬಿಡಿಸಿಕೊಂಡು ಮುಂದೆ ಸರಿಯುವುದಕ್ಕೂ, ಹೊಸ ರಕ್ತನಾಳ ಬೆಳೆಯುವುದಕ್ಕೂ ಇದು ನೆರವಾಗುತ್ತೆ. ಕಾವಲಿಗೆ ಇಟ್ಟವನೇ ಕಳ್ಳನಿಗೆ ಏಣಿ ಹಿಡಿದ ಹಾಗೆ.

ಸ್ತನ ಕ್ಯಾನ್ಸರ್‌ನಲ್ಲಿ ಯೂರೋಕೈನೇಸ್ ಮತ್ತು ಪಿಎಐ-1 ಜೋಡಿಯನ್ನು ಅಳೆದು ರೋಗ ಮರುಕಳಿಸುವ ಸಾಧ್ಯತೆ ಅಂದಾಜು ಮಾಡುವ ಪದ್ಧತಿಗೆ 2007ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಮಾರ್ಗಸೂಚಿಯೂ ಒಪ್ಪಿಗೆ ಕೊಟ್ಟಿತ್ತು. ಮಿದುಳಿನ ಗಡ್ಡೆಯಲ್ಲಿ ಮಾತ್ರ ಇವು ದಿನನಿತ್ಯದ ರಿಪೋರ್ಟ್‌ಗೆ ಬಂದಿಲ್ಲ. ಕಾರಣ, ಸೋಂಕು ಬಂದರೂ ಬಾವು ಬಂದರೂ ಈ ಕಿಣ್ವಗಳು ಏರುತ್ತವೆ. ಸರಿಯಾಗಿ ಅಳೆಯಲು ತಾಜಾ ಅಥವಾ ಹಿಮಗಟ್ಟಿಸಿದ ತುಣುಕು ಬೇಕು. ಒಂದು ಲ್ಯಾಬಿನ ಅಂಕಿಗೂ ಇನ್ನೊಂದರ ಅಂಕಿಗೂ ತಾಳೆಯಾಗಲ್ಲ.

ಎಂಎಂಪಿ ಕಿಣ್ವ ತಡೆಯುವ ಮಾತ್ರೆ ಕೊಟ್ಟರೆ ಗಡ್ಡೆ ನಿಲ್ಲಬಹುದು ಅಂತಲೂ ಪ್ರಯತ್ನ ನಡೆಯಿತು. ‘ಮಾರಿಮಾಸ್ಟ್ಯಾಟ್’ ಎಂಬ ಔಷಧಿಯನ್ನು ಗ್ಲಯೋಬ್ಲಾಸ್ಟೋಮಾ ರೋಗಿಗಳ ಮೇಲೆ ಪರೀಕ್ಷಿಸಿದಾಗ ಆಯಸ್ಸು ಹೆಚ್ಚಲಿಲ್ಲ, ಕೀಲು ನೋವು ಬಂತು. ಒಂದು ಕಿಣ್ವವನ್ನು ಹಿಡಿದು ನಿಲ್ಲಿಸಿದರೆ ಗಡ್ಡೆ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುತ್ತೆ ಅನ್ನೋದು ಒಂದು ವಿವರಣೆ.

ಐಡಿಎಚ್: ಹಾಳಾದ ಕಿಣ್ವ, ಆದರೆ ಸ್ವಲ್ಪ ಸಮಾಧಾನದ ಸುದ್ದಿ

ಈಗ ರಿಪೋರ್ಟ್‌ನ ಮೊದಲ ಪದಕ್ಕೆ ಬರೋಣ. ಐಡಿಎಚ್ ಅನ್ನೋದು ಆಹಾರದಿಂದ ಶಕ್ತಿ ತೆಗೆಯುವ ದಾರಿಯಲ್ಲಿ ಬರುವ ಒಂದು ಕಿಣ್ವ. 2008ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 22 ಗ್ಲಯೋಬ್ಲಾಸ್ಟೋಮಾ ಗಡ್ಡೆಗಳ ಜೀನ್‌ಗಳನ್ನು ಜಾಲಾಡುವಾಗ ಇದರಲ್ಲಿ ಬದಲಾವಣೆ ಕಂಡುಬಂತು. ಅದಕ್ಕೂ ಮುಂಚೆ ಈ ಕಿಣ್ವಕ್ಕೂ ಮಿದುಳಿನ ಗಡ್ಡೆಗೂ ಸಂಬಂಧ ಇದೆ ಅಂತ ಯಾರೂ ಎಣಿಸಿರಲಿಲ್ಲ.

ಬದಲಾವಣೆ ಬಹಳ ಸಣ್ಣದು. ಸಾಮಾನ್ಯವಾಗಿ, ಪ್ರೊಟೀನಿನ 132ನೇ ಜಾಗದಲ್ಲಿ ಇರಬೇಕಾದ ಅರ್ಜಿನೀನ್ ಬದಲು ಹಿಸ್ಟಿಡೀನ್ ಬಂದು ಕೂತಿರುತ್ತೆ, ಅಷ್ಟೇ. ಆದರೆ ಅಷ್ಟಕ್ಕೇ ಕಿಣ್ವದ ಕೆಲಸವೇ ಬದಲಾಗಿಬಿಡುತ್ತೆ. ‘2-ಹೈಡ್ರಾಕ್ಸಿ ಗ್ಲುಟರೇಟ್’ ಎಂಬ ಬೇರೆಯೇ ವಸ್ತುವನ್ನು ಅದು ತಯಾರಿಸಿ ಗುಡ್ಡೆ ಹಾಕುತ್ತೆ. ಈ ವಸ್ತು ಕೋಶದೊಳಗಿನ ಬೇರೆ ಹಲವು ಕಿಣ್ವಗಳನ್ನು ತಡೆಯುತ್ತೆ. ಕೋಶ ಬಲಿತು ಪ್ರೌಢವಾಗುವ ಬದಲು ಎಳೆಯದಾಗೇ ಉಳಿದು ವಿಭಜನೆ ಆಗ್ತಾ ಹೋಗುತ್ತೆ. ಅಂದರೆ ಕೆಟ್ಟ ಕಿಣ್ವವೊಂದು ಪ್ರತಿಬಂಧಕ ತಯಾರಿಸಿ ಉಳಿದ ಒಳ್ಳೆಯ ಕಿಣ್ವಗಳ ಕೈ ಕಟ್ಟಿಹಾಕಿದಂತೆ.

ವಿಚಿತ್ರ ಏನಂದ್ರೆ, ಈ ಬದಲಾವಣೆ ಇರುವ ಗಡ್ಡೆಗಳು ಇಲ್ಲದವಕ್ಕಿಂತ ನಿಧಾನವಾಗಿ ಬೆಳೆಯುತ್ತವೆ, ಚಿಕಿತ್ಸೆಗೂ ಹೆಚ್ಚು ಸ್ಪಂದಿಸುತ್ತವೆ. ಹಾಗಾಗಿ ‘ಮ್ಯುಟೆಂಟ್’ ಅಂತ ಬರೆದಿದ್ದರೆ ಹೆದರಬೇಡಿ. ಗ್ಲಯೋಮಾ ಮಟ್ಟಿಗೆ ಅದು ತುಲನೆಯಲ್ಲಿ ಒಳ್ಳೆಯ ಸುದ್ದಿ. ‘ವೈಲ್ಡ್ ಟೈಪ್’ ಅಂದರೆ ಬದಲಾವಣೆ ಇಲ್ಲ ಅಂತ. ಕೇಳೋಕೆ ಚೆನ್ನಾಗಿದ್ದರೂ, ದೊಡ್ಡವರ ಗ್ಲಯೋಮಾದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಅದಕ್ಕೇ.

ಪರೀಕ್ಷೆ ಸರಳ. ಗಡ್ಡೆಯ ತೆಳು ಪದರದ ಮೇಲೆ ವಿಶೇಷ ಪ್ರತಿಕಾಯ ಹಾಕಿ ಬಣ್ಣ ಬರಿಸಿದರೆ, ಬದಲಾದ ಕಿಣ್ವ ಇರುವ ಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಬಣ್ಣ ಬರಲಿಲ್ಲ, ರೋಗಿಗೆ ವಯಸ್ಸು 55ಕ್ಕಿಂತ ಕಡಿಮೆ ಅಂತಾದರೆ ಜೀನ್ ಪರೀಕ್ಷೆಯನ್ನೂ ಮಾಡಿಸುವುದು ಪದ್ಧತಿ. ಅಪರೂಪದ ಬದಲಾವಣೆಗಳು ಬಣ್ಣದಲ್ಲಿ ಸಿಗಲ್ಲ.

ಈ ಹಾಳಾದ ಕಿಣ್ವವನ್ನೇ ತಡೆಯುವ ಮಾತ್ರೆಯೂ ಬಂದಿದೆ. ಹೆಸರು ‘ವೊರಾಸಿಡೆನಿಬ್’. 2023ರಲ್ಲಿ ಪ್ರಕಟವಾದ 331 ರೋಗಿಗಳ ಪರೀಕ್ಷೆಯಲ್ಲಿ, ಗಡ್ಡೆ ಮತ್ತೆ ಬೆಳೆಯದೆ ಇದ್ದ ಮಧ್ಯಮ ಅವಧಿ 11.1 ತಿಂಗಳಿಂದ 27.7 ತಿಂಗಳಿಗೆ ಏರಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಇದು ಆಪರೇಷನ್ ಆದ ಗ್ರೇಡ್ 2ರ ಐಡಿಎಚ್ ಮ್ಯುಟೆಂಟ್ ಗಡ್ಡೆಗೆ ಮಾತ್ರ. ಎಲ್ಲ ಮಿದುಳಿನ ಗಡ್ಡೆಗೂ ಅಲ್ಲ.

ಎಂಜಿಎಂಟಿ: ರಿಪೇರಿಯವನು ರಜೆಯಲ್ಲಿದ್ದರೆ ಔಷಧಿಗೆ ಅನುಕೂಲ

ಗ್ಲಯೋಬ್ಲಾಸ್ಟೋಮಾಗೆ ಕೊಡುವ ಮುಖ್ಯ ಮಾತ್ರೆ ‘ಟೆಮೊಜೊಲೊಮೈಡ್’. ಇದು ಗಡ್ಡೆಯ ಕೋಶದ ಡಿಎನ್‌ಎಗೆ ಸಣ್ಣ ರಾಸಾಯನಿಕ ತುಣುಕೊಂದನ್ನು ಅಂಟಿಸಿ ಹಾನಿ ಮಾಡುತ್ತೆ. ಎಂಜಿಎಂಟಿ ಎಂಬ ಕಿಣ್ವದ ಕೆಲಸ ಈ ಹಾನಿಯನ್ನು ರಿಪೇರಿ ಮಾಡೋದು. ಒಂದು ಎಂಜಿಎಂಟಿ ಅಣು ಒಂದೇ ರಿಪೇರಿ ಮಾಡುತ್ತೆ, ಆಮೇಲೆ ಅದು ಪ್ರಯೋಜನಕ್ಕಿಲ್ಲ. ಕೋಶದಲ್ಲಿ ಎಂಜಿಎಂಟಿ ಜಾಸ್ತಿ ಇದ್ದರೆ ಔಷಧಿ ಮಾಡಿದ ಹಾನಿಯೆಲ್ಲಾ ಸರಿಹೋಗಿ ಗಡ್ಡೆ ಬದುಕಿಕೊಳ್ಳುತ್ತೆ.

ಕೆಲವರ ಗಡ್ಡೆಯಲ್ಲಿ ಈ ಕಿಣ್ವದ ಜೀನ್‌ಗೆ ಬೀಗ ಬಿದ್ದಿರುತ್ತೆ. ಅದನ್ನೇ ರಿಪೋರ್ಟ್‌ನಲ್ಲಿ ‘ಮಿಥೈಲೇಟೆಡ್’ ಅಂತ ಬರೆಯೋದು. ಬೀಗ ಬಿದ್ದರೆ ಕಿಣ್ವ ತಯಾರಾಗಲ್ಲ, ಔಷಧಿ ಚೆನ್ನಾಗಿ ನಾಟುತ್ತೆ.

2005ರಲ್ಲಿ ಪ್ರಕಟವಾದ ಅಧ್ಯಯನಗಳು ಇದನ್ನು ತೋರಿಸಿದವು. 573 ರೋಗಿಗಳಲ್ಲಿ ಬರೀ ರೇಡಿಯೇಷನ್ ಪಡೆದವರ ಮಧ್ಯಮ ಆಯಸ್ಸು 12.1 ತಿಂಗಳು, ಜೊತೆಗೆ ಟೆಮೊಜೊಲೊಮೈಡ್ ತೆಗೆದುಕೊಂಡವರದ್ದು 14.6 ತಿಂಗಳು. ಎರಡು ವರ್ಷ ದಾಟಿದವರು 10.4 ಶೇಕಡಾದಿಂದ 26.5 ಶೇಕಡಾಕ್ಕೆ ಏರಿದರು. ಬೀಗ ಬಿದ್ದ ಗುಂಪಿನಲ್ಲಿ ಎರಡೂ ಚಿಕಿತ್ಸೆ ಪಡೆದವರ ಮಧ್ಯಮ ಆಯಸ್ಸು 21.7 ತಿಂಗಳು. ಪರೀಕ್ಷಿಸಿದ ಗಡ್ಡೆಗಳಲ್ಲಿ 45 ಶೇಕಡಾದಷ್ಟರಲ್ಲಿ ಬೀಗ ಬಿದ್ದಿತ್ತು.

‘ಮಧ್ಯಮ’ ಅಂದರೆ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು. ಒಬ್ಬ ರೋಗಿಯ ಭವಿಷ್ಯ ಅದರಲ್ಲಿ ಬರೆದಿರಲ್ಲ. ವಯಸ್ಸು, ಗಡ್ಡೆ ಎಷ್ಟು ತೆಗೆದಿದ್ದಾರೆ, ರೋಗಿ ಎದ್ದು ಓಡಾಡುವ ಸ್ಥಿತಿ ಹೇಗಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಹಾಗಾದರೆ ಬೀಗ ಇಲ್ಲದವರಿಗೆ ಎಂಜಿಎಂಟಿ ತಡೆಯುವ ಔಷಧಿ ಕೊಡಬಹುದಲ್ಲ? ಅದನ್ನೂ ನೋಡಿ ಆಗಿದೆ. ಮೂಳೆ ಮಜ್ಜೆಗೂ ಅದೇ ಕಿಣ್ವ ಬೇಕು. ಅಲ್ಲಿ ತಡೆದ ತಕ್ಷಣ ರಕ್ತಕಣ ಕುಸಿಯಿತು.

ಬ್ರೇಕ್ ಕಳಕೊಂಡ ಕೋಶ

ಕೋಶ ಒಂದರಿಂದ ಎರಡಾಗಲು ತಳ್ಳುವ ಕಿಣ್ವಗಳಿವೆ. ಅವನ್ನು ಹಿಡಿದು ನಿಲ್ಲಿಸುವ ದೇಹದ ಬ್ರೇಕ್ ‘ಪಿ16’ ಎಂಬ ಪ್ರೊಟೀನ್. ಅದನ್ನು ತಯಾರಿಸುವ ಜೀನ್ ಹೆಸರು ಸಿಡಿಕೆಎನ್2ಎ. ಈ ಜೀನ್‌ನ ಎರಡೂ ಪ್ರತಿ ಅಳಿಸಿಹೋಗಿದ್ದರೆ ಬ್ರೇಕ್ ಇಲ್ಲದ ಲಾರಿ ಘಾಟಿ ಇಳಿದ ಹಾಗೆ. 2021ರ ವಿಂಗಡಣೆ ಪ್ರಕಾರ, ಐಡಿಎಚ್ ಮ್ಯುಟೆಂಟ್ ಆಸ್ಟ್ರೋಸೈಟೋಮಾದಲ್ಲಿ ಇದು ಕಂಡರೆ, ಸೂಕ್ಷ್ಮದರ್ಶಕದಲ್ಲಿ ಗಡ್ಡೆ ಸೌಮ್ಯವಾಗಿ ಕಂಡರೂ ಗ್ರೇಡ್ 4 ಅಂತಲೇ ಪರಿಗಣಿಸಬೇಕು. ಕಿಣ್ವದ ಪ್ರತಿಬಂಧಕವೊಂದು ಕಾಣೆಯಾಗಿರುವುದೇ ಉಗ್ರತೆಯ ಅಧಿಕೃತ ಗುರುತಾಗಿರುವ ನೇರ ಉದಾಹರಣೆ ಇದು.

ಇನ್ನೊಂದು ಹೆಸರು ‘ಟರ್ಟ್’. ವರ್ಣತಂತುಗಳ ತುದಿ ಸವೆಯದಂತೆ ಕಾಯುವ ಟೆಲೊಮರೇಸ್ ಕಿಣ್ವದ ಭಾಗ ಇದು. ಈ ಕಿಣ್ವದ ಶೋಧಕ್ಕೆ 2009ರ ನೊಬೆಲ್ ಬಂದಿದೆ. ಬಹುತೇಕ ಸಾಮಾನ್ಯ ಕೋಶಗಳಲ್ಲಿ ಇದು ಸುಮ್ಮನಿರುತ್ತೆ. ಗಡ್ಡೆಯಲ್ಲಿ ಎಚ್ಚರವಾದರೆ ಕೋಶಕ್ಕೆ ಸಾವೇ ಇಲ್ಲದಂತಾಗುತ್ತೆ. ಐಡಿಎಚ್ ವೈಲ್ಡ್ ಟೈಪ್ ಗಡ್ಡೆಯಲ್ಲಿ ಟರ್ಟ್ ಬದಲಾವಣೆ ಕಂಡರೆ ಅದು ಗ್ಲಯೋಬ್ಲಾಸ್ಟೋಮಾ. ಅದೇ ಬದಲಾವಣೆ ಆಲಿಗೋಡೆಂಡ್ರೋಗ್ಲಯೋಮಾದಲ್ಲೂ ಸಾಮಾನ್ಯ. ಆ ಗಡ್ಡೆಯವರು ಎಷ್ಟೋ ವರ್ಷ ಬದುಕುತ್ತಾರೆ. ಹಾಗಾಗಿ ರಿಪೋರ್ಟ್‌ನ ಒಂದು ಪದ ಹಿಡಿದು ಮೊಬೈಲ್‌ನಲ್ಲಿ ಹುಡುಕಿ ತೀರ್ಮಾನಕ್ಕೆ ಬರಬಾರದು. ಎಲ್ಲ ಗುರುತು ಒಟ್ಟಿಗೆ ನೋಡಬೇಕು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ರಕ್ತ ಪರೀಕ್ಷೆಯಲ್ಲೇ ಗೊತ್ತಾಗಲ್ವಾ?* ಮೇಲೆ ಹೇಳಿದ ಗುರುತುಗಳನ್ನು ನೋಡೋದು ಗಡ್ಡೆಯ ತುಣುಕಿನಲ್ಲಿ. ಇವತ್ತಿನ ಮಟ್ಟಿಗೆ ದಿನನಿತ್ಯದ ಚಿಕಿತ್ಸೆಯಲ್ಲಿ ಬಯಾಪ್ಸಿಗೆ ಬದಲಾಗಿ ನಿಲ್ಲುವ ರಕ್ತ ಪರೀಕ್ಷೆ ಇಲ್ಲ. ‘ರಕ್ತದಲ್ಲೇ ಮಿದುಳಿನ ಗಡ್ಡೆ ಪತ್ತೆ’ ಎಂಬ ಪ್ಯಾಕೇಜ್ ಜಾಹೀರಾತು ನಂಬಿ ದುಡ್ಡು ಹಾಕಬೇಡಿ.

*ಅಂಗಡಿಯಲ್ಲಿ ಸಿಗುವ ಎಂಜೈಮ್ ಮಾತ್ರೆ, ಸಿರಪ್ ಕೊಡಬಹುದಾ?* ಜೀರ್ಣಕ್ಕೆ ಕೊಡುವ ಕಿಣ್ವ ಹೊಟ್ಟೆ, ಕರುಳಿನಲ್ಲಿ ಕೆಲಸ ಮಾಡುತ್ತೆ. ಮಿದುಳಿನ ಗಡ್ಡೆಗೂ ಅದಕ್ಕೂ ಸಂಬಂಧವಿಲ್ಲ. ಮೆಡಿಕಲ್ ಶಾಪ್‌ನವರೂ ಇದನ್ನು ಗಿರಾಕಿಗಳಿಗೆ ತಿಳಿಸಿದರೆ ಉಪಕಾರ.

*ಪಪ್ಪಾಯಿ ತಿಂದರೆ ಗಡ್ಡೆ ಕರಗುತ್ತಾ, ಇಲ್ಲಾ ಹೆಚ್ಚಾಗುತ್ತಾ?* ಎರಡೂ ಇಲ್ಲ. ಹಣ್ಣು ಹಣ್ಣಾಗೇ ತಿನ್ನಿ.

*ಮಕ್ಕಳಿಗೂ ಬರುತ್ತಾ?* ಹೆಚ್ಚಿನ ಮಿದುಳಿನ ಗಡ್ಡೆಗಳು ವಂಶಪಾರಂಪರ್ಯವಾಗಿ ಬರುವಂಥವಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ. ರೋಗಿಯ ತಟ್ಟೆ, ಲೋಟ ಬೇರೆ ಇಡೋ ಅಗತ್ಯ ಇಲ್ಲ.

ಮನೆಯವರು ನೆನಪಿಡಬೇಕಾದದ್ದು

* ಆಪರೇಷನ್ ಮಾಡಿ ತೆಗೆದ ತುಣುಕನ್ನು ಆಸ್ಪತ್ರೆ ಮೇಣದ ಬ್ಲಾಕ್‌ನಲ್ಲಿ ಹಾಕಿ ಇಟ್ಟಿರುತ್ತೆ. ಬೇರೆ ಊರಿನ ಆಸ್ಪತ್ರೆಗೆ ಹೋಗುವಾಗ ಡಿಸ್ಚಾರ್ಜ್ ಚೀಟಿ ಜೊತೆ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯಿರಿ. ಐಡಿಎಚ್, ಎಂಜಿಎಂಟಿ ಪರೀಕ್ಷೆಯನ್ನು ಅದರಲ್ಲೇ ಮಾಡಬಹುದು. ಬ್ಲಾಕ್ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತೆ.
* ಡಾಕ್ಟರ ಹತ್ತಿರ ಮೂರು ಪ್ರಶ್ನೆ ಕೇಳಿ: ಗ್ರೇಡ್ ಎಷ್ಟು? ಐಡಿಎಚ್ ಏನಾಗಿದೆ? ಎಂಜಿಎಂಟಿ ನೋಡಿದ್ದೀರಾ, ನೋಡಿದರೆ ಚಿಕಿತ್ಸೆ ಬದಲಾಗುತ್ತಾ? ಚಿಕಿತ್ಸೆ ಬದಲಾಗದಿದ್ದರೆ ದುಬಾರಿ ಪರೀಕ್ಷೆ ಬೇಕೇ ಅಂತಲೂ ಕೇಳಬಹುದು.
* ಗ್ಲಯೋಬ್ಲಾಸ್ಟೋಮಾಗೆ ಸಾಮಾನ್ಯವಾಗಿ ಆರು ವಾರಗಳಲ್ಲಿ 30 ಬಾರಿ ರೇಡಿಯೇಷನ್ ಕೊಡುತ್ತಾರೆ. ಅಷ್ಟು ದಿನ ಅಂಗಡಿ, ಹೊಲ ಯಾರು ನೋಡಿಕೊಳ್ಳೋದು, ಸಿಟಿಯಲ್ಲಿ ಎಲ್ಲಿ ಉಳಿಯೋದು ಅಂತ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ನಡುವೆ ಬಿಟ್ಟು ಊರಿಗೆ ಬಂದರೆ ಚಿಕಿತ್ಸೆಯ ಫಲ ಕಡಿಮೆಯಾಗುತ್ತೆ.
* ಮಿದುಳಿನ ಬಾವು ಇಳಿಸುವ ಸ್ಟೀರಾಯ್ಡ್ ಮಾತ್ರೆಯಿಂದ ಎರಡು ಮೂರು ದಿನದಲ್ಲೇ ತಲೆನೋವು ಇಳಿದು ರೋಗಿ ಗೆಲುವಾಗಬಹುದು. ವಾಸಿಯಾಯ್ತು ಅಂದುಕೊಂಡು ಆಸ್ಪತ್ರೆಗೆ ಹೋಗೋದು ನಿಲ್ಲಿಸಬೇಡಿ. ಸ್ಟೀರಾಯ್ಡನ್ನಾಗಲಿ, ಫಿಟ್ಸ್ ಮಾತ್ರೆಯನ್ನಾಗಲಿ ಹೇಳದೆ ಕೇಳದೆ ಏಕಾಏಕಿ ಬಿಡಬಾರದು.
* ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸರ್ಕಾರಿ ವಲಯದ ದೊಡ್ಡ ಕೇಂದ್ರಗಳು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡಾದಂತೆ 1.5 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶ ಮಾಡಲಾಗಿದೆ. ರೆಫರಲ್ ಪತ್ರ, ರೇಷನ್ ಕಾರ್ಡ್, ಆಧಾರ್ ಕೈಯಲ್ಲಿ ಇಟ್ಟುಕೊಂಡು, ಯಾವ ಪರೀಕ್ಷೆ ಯೋಜನೆಯೊಳಗೆ ಬರುತ್ತೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ವಿಚಾರಿಸಿ.

ಈ ಲಕ್ಷಣ ಕಂಡರೆ ತಡ ಬೇಡ

ಹಿಂದೆಂದೂ ಫಿಟ್ಸ್ ಬಾರದ ದೊಡ್ಡವರಿಗೆ ಮೊದಲ ಬಾರಿ ಫಿಟ್ಸ್ ಬಂದರೆ, ಬೆಳಗ್ಗೆ ಏಳುತ್ತಲೇ ತಲೆನೋವು ಜೊತೆಗೆ ವಾಂತಿ ಆಗುತ್ತಿದ್ದು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಒಂದು ಕಡೆಯ ಕೈಕಾಲು ಸೋಲುತ್ತಿದ್ದರೆ, ಮಾತು ತಡವರಿಸುತ್ತಿದ್ದರೆ, ದೃಷ್ಟಿ ಮಂಜಾಗುತ್ತಿದ್ದರೆ, ಸ್ವಭಾವವೇ ಬದಲಾದಂತೆ ಮನೆಯವರಿಗೆ ಅನ್ನಿಸಿದರೆ ವೈದ್ಯರಿಗೆ ತೋರಿಸಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡೋದು, ಬಾಯಿಗೆ ಚಮಚ ತುರುಕೋದು ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಸುತ್ತ ಗಾಳಿ ಬಿಡಿ. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮುಂದುವರಿದರೆ 108ಕ್ಕೆ ಕರೆ ಮಾಡಿ.

ಇಂಥ ಲಕ್ಷಣ ಇರುವ ಎಲ್ಲರಿಗೂ ಗಡ್ಡೆ ಇರಲ್ಲ, ಹೆಚ್ಚಿನವರಿಗೆ ಬೇರೆ ಕಾರಣವೇ ಇರುತ್ತೆ. ಆದರೆ ಗಡ್ಡೆ ಇದ್ದರೆ, ರೋಗಿ ಇನ್ನೂ ಓಡಾಡಿಕೊಂಡಿರುವಾಗಲೇ ಆಪರೇಷನ್ ಆಗಿ, ತುಣುಕು ಲ್ಯಾಬ್ ಸೇರಿ, ಮೇಲೆ ಹೇಳಿದ ಗುರುತುಗಳು ವೈದ್ಯರ ಕೈಗೆ ಸಿಕ್ಕರೆ ಚಿಕಿತ್ಸೆಗೆ ಇರುವ ದಾರಿಗಳು ಹೆಚ್ಚು.